ಸೋದರಿಕೆ ಮದುವೆಗಳ ಲೆಕ್ಕಕ್ಕೆ ಗ್ರಾಂಪ್ಸ್ ಆಗುತ್ತದೆಯೇ?

ವಂಶವೃಕ್ಷಗಳನ್ನು ಇಟ್ಟುಕೊಂಡು ಯಾವ ದಶಕದಲ್ಲಿ ಎಷ್ಟು ಸೋದರಿಕೆ ಮದುವೆಗಳಾದವು (ಅಕ್ಕನ ಮಗಳು, ಅತ್ತೆ ಅಥವಾ ಮಾವನ ಮಗಳನ್ನು ತಂದುಕೊಂಡದ್ದು) ಎಂದು ಎಣಿಸಲು ಗ್ರಾಂಪ್ಸ್ ಒಳ್ಳೆಯ ವಂಶಾವಳಿ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹೆಸರುಗಳನ್ನು ಕನ್ನಡದಲ್ಲೇ ಟೈಪಿಸಬಹುದು.

ತೊಡಕಿರುವುದು ನಮ್ಮ ವಂಶವೃಕ್ಷಗಳಲ್ಲಿ. ಹಳೆಯವುಗಳಲ್ಲಿ ಅಪ್ಪ, ಮಗ, ಮೊಮ್ಮಗ ಎಂದು ಗಂಡಸರ ಸಾಲು ಮಾತ್ರ. ಸೊಸೆ ಯಾರ ಮಗಳೆಂದು ಬರೆದಿಲ್ಲದಿದ್ದರೆ, ಅಕ್ಕನ ಮಗಳನ್ನೇ ತಂದುಕೊಂಡಿದ್ದರೂ ಗ್ರಾಂಪ್ಸ್‌ಗೆ ಅವಳು ಹೊರಗಿನವಳು. ಮದುವೆಯಲ್ಲಿ ಹೆಸರು ಬದಲಿಸುವ ಮನೆಗಳಲ್ಲಂತೂ ತವರಿನ ಸುಬ್ಬಮ್ಮ ಗಂಡನ ಮನೆಯ ಪಟ್ಟಿಯಲ್ಲಿ ಲಕ್ಷ್ಮೀದೇವಮ್ಮ ಆಗಿರುತ್ತಾಳೆ. ಎರಡೂ ನಮೂದುಗಳನ್ನು ಮರ್ಜ್ ಮಾಡಿ (ಒಂದಾಗಿಸಿ), ಒಂದನ್ನು ಪರ್ಯಾಯ ಹೆಸರಾಗಿ ಉಳಿಸಿ. ಅಜ್ಜನ ಹೆಸರು ಮೊಮ್ಮಗನಿಗೂ ಇರುವುದರಿಂದ ತಲೆಮಾರು ನೋಡದೆ ಮರ್ಜ್ ಒತ್ತಬೇಡಿ.

ತಾರೀಖು ಬರೆಯಲು ಗ್ರಾಂಪ್ಸ್‌ನಲ್ಲಿ ಹೀಬ್ರೂ, ಇಸ್ಲಾಮಿಕ್, ಕೊನೆಗೆ ಫ್ರೆಂಚ್ ಕ್ರಾಂತಿಯ ಕ್ಯಾಲೆಂಡರೂ ಇದೆ, ನಮ್ಮ ಸಂವತ್ಸರಗಳಿಲ್ಲ! 'ವಿಜಯ ಸಂವತ್ಸರ' ಎಂದಷ್ಟೇ ಇದ್ದರೆ ಅದು 1893-94 ಆಗಬಹುದು, 1953-54 ಕೂಡ. ಮಕ್ಕಳ ವಯಸ್ಸು ನೋಡಿ ತೀರ್ಮಾನಿಸಿ.

ಇಬ್ಬರ ನಂಟು ಹೇಳುವ ಗ್ರಾಂಪ್ಸ್‌ನ ರಿಲೇಶನ್‌ಶಿಪ್ ಕ್ಯಾಲ್ಕುಲೇಟರ್ ಅತ್ತೆ ಮಗಳನ್ನೂ ಚಿಕ್ಕಪ್ಪನ ಮಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು 'ಫಸ್ಟ್ ಕಸಿನ್' ಎನ್ನುತ್ತದೆ. ಆದ್ದರಿಂದ ಪ್ರತಿ ದಂಪತಿಗೂ ಅಕ್ಕನ ಮಗಳು, ಅತ್ತೆ ಮಗಳು, ಮಾವನ ಮಗಳು ಎಂದು ಟ್ಯಾಗ್ ನೀವೇ ಹಾಕಬೇಕು.

ರಕ್ತಸಂಬಂಧದ ಗುಣಾಂಕಕ್ಕೆ (ನಂಟು ಎಷ್ಟು ಹತ್ತಿರದ್ದು ಎಂದು ಹೇಳುವ ಅಂಕಿಗೆ) ಗ್ರಾಂಪ್ಸ್‌ನಿಂದ ಸಿಎಸ್‌ವಿ (ಸಾದಾ ಕೋಷ್ಟಕದ ಫೈಲು) ತೆಗೆದು, ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಿನ್‌ಶಿಪ್2 ಪ್ಯಾಕೇಜಿಗೆ ಕೊಡಬೇಕು. ಸಿಎಸ್‌ವಿಯಲ್ಲಿ ವ್ಯಕ್ತಿ, ಮದುವೆ, ಮಕ್ಕಳು ಬೇರೆ ಬೇರೆ ಕೋಷ್ಟಕಗಳಾಗಿರುತ್ತವೆ. ಅವನ್ನು ಜೋಡಿಸಿ ಪ್ರತಿಯೊಬ್ಬರ ಎದುರು ತಂದೆ, ತಾಯಿಯ ಸಂಖ್ಯೆ ಬರುವಂತೆ ಮಾಡಿ. ಇಬ್ಬರೂ ಇರಬೇಕು, ಇಲ್ಲವೇ ಇಬ್ಬರೂ ಇರಬಾರದು. ಒಬ್ಬರೇ ಇದ್ದರೆ ಎರರ್ ಬರುತ್ತದೆ. ಗೊತ್ತಿಲ್ಲದ ತಾಯಂದಿರಿಗೆಲ್ಲ ಒಂದೇ ಹುಸಿ ಸಂಖ್ಯೆ ಕೊಟ್ಟರೆ ಊರಿನವರೆಲ್ಲ ಒಬ್ಬಳ ಮಕ್ಕಳಾಗಿ ರಕ್ತಸಂಬಂಧದ ಪ್ರಮಾಣ ಗಗನಕ್ಕೇರುತ್ತದೆ. ಕುಟುಂಬಕ್ಕೊಂದು ಬೇರೆ ಸಂಖ್ಯೆ ಕೊಡಿ. ಗಂಡ-ಹೆಂಡಿರ ನಡುವಿನ ಅಂಕಿ ಸೋದರಮಾವ-ಅಕ್ಕನ ಮಗಳಿಗೆ 0.125, ಅತ್ತೆ ಅಥವಾ ಮಾವನ ಮಗಳಿಗೆ 0.0625 ಬರಬೇಕು. ಇದಕ್ಕಿಂತ ಹೆಚ್ಚು ಬಂದರೆ ಎರಡು ಕಡೆಯಿಂದ ನಂಟಿದೆಯೇ ನೋಡಿ. ಮಾಡಿದ ಮರ್ಜ್‌ಗಳನ್ನೂ ಇನ್ನೊಮ್ಮೆ ಪರಿಶೀಲಿಸಿ.

ಶೇಕಡಾವಾರು ತೆಗೆಯುವಾಗ ಗಂಡು, ಹೆಣ್ಣು ಎರಡೂ ಕಡೆಯ ಅಜ್ಜ-ಅಜ್ಜಿಯರೆಲ್ಲ ಗೊತ್ತಿರುವ ಮದುವೆಗಳನ್ನಷ್ಟೇ ಎಣಿಸಿ. ಉಳಿದವನ್ನು 'ಸಂಬಂಧವಿಲ್ಲ' ಎಂದು ಸೇರಿಸಿದರೆ, ಮಾಹಿತಿ ತೆಳುವಾಗಿರುವ ಹಳೆಯ ದಶಕಗಳಲ್ಲಿ ಸೋದರಿಕೆ ಕಡಿಮೆ ಇತ್ತೆಂಬ ಸುಳ್ಳು ಚಿತ್ರ ಮೂಡುತ್ತದೆ.

ಒಂದೇ ಮನೆಯ ಐವತ್ತು ಅರವತ್ತು ಜನರಿಗಾದರೆ ಇಷ್ಟೆಲ್ಲ ಬೇಡ, ಕಾಗದ ಸಾಕು. ಕೊಟ್ಟು ತಂದು ಮಾಡಿಕೊಂಡ ನಾಲ್ಕಾರು ಮನೆತನಗಳನ್ನು ಒಂದೇ ಫೈಲಿಗೆ ತರುವುದಿದ್ದರೆ ಗ್ರಾಂಪ್ಸ್ ಹಾಕಿಕೊಳ್ಳಿ.