ಸ್ಟೀಫನ್ ಕಿಂಗ್‌ನ ‘ಸೇಲಮ್ಸ್ ಲಾಟ್’: ಹೆದರಿಸೋದು ಪಿಶಾಚಿಗಿಂತ ಊರೇ ಜಾಸ್ತಿ

1975ರಲ್ಲಿ ಬಂದ, ಅಮೆರಿಕದ ಭಯಾನಕ ಕಥೆಗಾರ ಕಿಂಗ್‌ನ ಎರಡನೇ ಕಾದಂಬರಿ ಇದು. ರಕ್ತ ಹೀರುವ ಬಾರ್ಲೋ ಕಾಣಿಸಿಕೊಳ್ಳೋದು ತಡವಾಗಿ. ಅದಕ್ಕೂ ಮೊದಲು ಅಮೆರಿಕದ ಮೇನ್ ರಾಜ್ಯದ ಆ ಸಣ್ಣ ಊರು ಪೂರ್ತಿ ನಮ್ಮ ಪರಿಚಯದ್ದಾಗುತ್ತದೆ: ಹಾಲು ಹಾಕುವವನು, ಸ್ಕೂಲ್ ಬಸ್ ಡ್ರೈವರ್, ಬೈನಾಕ್ಯುಲರ್ ಹಿಡಿದು ಎಲ್ಲರ ಸುದ್ದಿ ತಿಳಿಯುವ ಹೆಂಗಸು. ನಮ್ಮ ಮೂಡಿಗೆರೆಯಲ್ಲೂ ಯಾರು ಯಾವ ಬಸ್ಸಿಗೆ ಇಳಿದರು ಅಂತ ಎಲ್ಲರಿಗೂ ಗೊತ್ತಿರುತ್ತದೆ ಅಲ್ವಾ? ಅದಕ್ಕೇ ಒಂದೊಂದೇ ಮನೆ ಖಾಲಿಯಾಗುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ಸತ್ತು ಪಿಶಾಚಿಯಾದ ಹುಡುಗ ಡ್ಯಾನಿ ರಾತ್ರಿ ಗೆಳೆಯ ಮಾರ್ಕ್‌ನ ಕಿಟಕಿಯಾಚೆ ಗಾಳಿಯಲ್ಲಿ ತೇಲುತ್ತಾ ಒಳಗೆ ಕರೆ ಅನ್ನುತ್ತಾನೆ. ಮಾರ್ಕ್ ಕೈಗೆ ಸಿಗುವುದು ಆಟಿಕೆಯ ಪ್ಲಾಸ್ಟಿಕ್ ಶಿಲುಬೆ. ಮಳೆಗಾಲದಲ್ಲಿ, ಕರೆಂಟ್ ಇಲ್ಲದಾಗ ಈ ಪುಟಗಳನ್ನು ಓದಿ, ಎದ್ದು ಕಿಟಕಿಯ ಚಿಲಕ ನೋಡಿಬಂದೆ.

ಊರಿಗೆ ಬಂದ ಲೇಖಕ ಬೆನ್ ಮತ್ತು ಅಲ್ಲಿನ ಹುಡುಗಿ ಸೂಸನ್ ಪ್ರೀತಿ ಮಾತ್ರ ಸಪ್ಪೆ. ಶುರುವಿನಲ್ಲಿ ಹೆಸರುಗಳೂ ಜಾಸ್ತಿ, ತಾಳ್ಮೆ ಬೇಕು. ಆದರೂ ಖಂಡಿತ ಓದಿ.