ಮೂರು ಮಳೆಗಾಲ ಕಂಡ ಸ್ಟೀರಿಂಗ್ ಸೆಟ್

ಬರೆಯಲು ಕುಳಿತದ್ದು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಸ್ಟೀರಿಂಗ್ ಬಗ್ಗೆ. ಮುಗಿಸಿ ಓದಿದರೆ ಮುಕ್ಕಾಲು ಪಾಲು ಬ್ರೇಕ್ ಪೆಡಲೇ ತುಂಬಿಕೊಂಡಿದೆ. ಸ್ಟೀರಿಂಗ್ ಎಷ್ಟು ಡಿಗ್ರಿ ತಿರುಗುತ್ತದೆ, ಎಷ್ಟು ಗುಂಡಿಗಳಿವೆ ಎಂಬುದೆಲ್ಲ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ. ತೀರ್ಥಹಳ್ಳಿಯ ಪುನರ್ವಸು ಮಳೆಗೆ ಅದು ಏನಾಗುತ್ತದೆ ಎಂಬುದನ್ನು ಯಾರೂ ಅಚ್ಚು ಹಾಕಿಸಿಲ್ಲವಾದ್ದರಿಂದ ಈ ಬರಹ.

ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಫೆಬ್ರುವರಿಯಿಂದ ಮೇ ತನಕ ತೋಟಕ್ಕೆ ನೀರು ಬಿಡುವ ಕಾಲ, ಊಟಕ್ಕೂ ಪುರುಸೊತ್ತಿರುವುದಿಲ್ಲ. ಮಳೆ ಹಿಡಿಯಿತೆಂದರೆ ನೊಣ ಹೊಡೆಯುವ ಕೆಲಸ. ದುಡ್ಡು ಬೇಸಿಗೆಯಲ್ಲಿ, ಬಿಡುವು ಮಳೆಗಾಲದಲ್ಲಿ. 2022ರ ಮೇ ಕೊನೆಯಲ್ಲಿ, ಕೈಯಲ್ಲಿ ಎರಡೂ ಇದ್ದ ಒಂದೇ ಒಂದು ವಾರದಲ್ಲಿ, 26,500 ರೂಪಾಯಿ ಕೊಟ್ಟು ಗೇರ್ ಚಾಲಿತ (ಒಳಗಿನ ಮೋಟಾರು ಗೇರುಗಳ ಮೂಲಕ ರಸ್ತೆಯ ಕುಲುಕಾಟವನ್ನು ಕೈಗೆ ತಲುಪಿಸುವ) ಸ್ಟೀರಿಂಗ್ ಮತ್ತು ಮೂರು ಪೆಡಲ್‌ಗಳ ಸೆಟ್ ತರಿಸಿದೆ. ಮನೆಯಲ್ಲಿ ಹೇಳಿದ ಬೆಲೆ ಇದಕ್ಕಿಂತ ಕಡಿಮೆ. ಅದಕ್ಕೂ ಮೊದಲು ಶಿವಮೊಗ್ಗದಲ್ಲಿ ಹಳೆಯ ಕಂಪ್ಯೂಟರ್ ಒಂದನ್ನು 38,000ಕ್ಕೆ ಕೊಂಡಿದ್ದೆ. ಅದು ಮಗಳ ಓದಿಗೆಂದು ಲೆಕ್ಕ.

ರಾತ್ರಿ ಹತ್ತೂವರೆಗೆ ನನ್ನ ಆಟ. ಯುರೋಪಿನಲ್ಲಿ ಆಗ ಸಂಜೆ, ಜೊತೆಗೆ ಓಡಿಸುವವರು ಧಾರಾಳವಾಗಿ ಸಿಗುತ್ತಾರೆ. ಉಪ್ಪರಿಗೆಯ ಹಲಗೆ ನೆಲದ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತೇನೆ, ಅದರ ಮೇಲೆ ಸ್ಟೀರಿಂಗ್ ಸ್ಟ್ಯಾಂಡ್. ಇದು ಮೊದಲ ವಾರವೇ ಕಲಿತ ಪಾಠ. ಸ್ಟೀರಿಂಗ್ ಒಳಗಿನ ಗೇರುಗಳು ರಸ್ತೆಯ ಅಂಚು ತಾಗಿದಾಗಲೆಲ್ಲ ಕಟಕಟ ಎನ್ನುತ್ತವೆ. ಕಂಬಳಿ ಇಲ್ಲದಿದ್ದರೆ ಆ ಸದ್ದು ಹಲಗೆಯಲ್ಲಿ ಹಾಯ್ದು ಕೆಳಗೆ ಮಲಗಿದ ಅಮ್ಮನ ತಲೆಯ ಮೇಲೇ ಬೀಳುತ್ತದೆ. "ಅಡಿಕೆ ಸುಲಿಯುವ ಯಂತ್ರವನ್ನು ಮಾಳಿಗೆಗೆ ಏರಿಸಿದ್ದೀಯಾ ಮಾರಾಯ?" ಎಂದು ಕೇಳಿದ್ದರು. ಆಮೇಲೆ ಹಳೆಯ ಪಂಚೆಯ ಚೂರಿನಿಂದ ಹಿಡಿಕೆಯ ಚರ್ಮ ಒರೆಸಬೇಕು. ಮಳೆಗಾಲದಲ್ಲಿ ಮೂರು ದಿನ ಒರೆಸದಿದ್ದರೆ ಬೆಳ್ಳಗೆ ಬೂಷ್ಟು ಕೂರುತ್ತದೆ. ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ. ಯುಪಿಎಸ್ ಹಸಿರು ದೀಪ ತೋರಿಸುತ್ತಿದೆಯೇ ಎಂದು ಒಮ್ಮೆ ಬಗ್ಗಿ ನೋಡುವುದು. ಕೊಪ್ಪದ ಕಡೆ ಗುಡುಗು ಕೇಳಿಸಿದರೆ ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಕಷಾಯ ಮಾತ್ರ ಕುಡಿದು ಮಲಗುವುದು.

ಓಡಿಸುವುದು ಹೆಚ್ಚಾಗಿ ಐರೇಸಿಂಗ್ ಎಂಬ ಆನ್‌ಲೈನ್ ಕಾರ್ ರೇಸ್ ಆಟ. 2008ರಿಂದ ನಡೆಯುತ್ತಿರುವ ಇದಕ್ಕೆ ಚಂದಾ ಕಟ್ಟಬೇಕು. ಚಂದಾದಲ್ಲಿ ಬಾರದ ಟ್ರ್ಯಾಕ್ ಬೇಕೆಂದರೆ ಒಂದೊಂದಕ್ಕೆ ಸುಮಾರು 12ರಿಂದ 15 ಡಾಲರ್ ಬೇರೆ. ನಾನು ಕೊಂಡದ್ದು ಎರಡೇ. ಚಂದಾದೊಂದಿಗೇ ಬರುವ ಮಜ್ದಾ ಎಂಎಕ್ಸ್-5 ಕಾರು ಮತ್ತು ಕ್ಯಾಲಿಫೋರ್ನಿಯಾದ ಲಗುನಾ ಸೆಕಾ ಟ್ರ್ಯಾಕ್ ನನ್ನಂಥವನಿಗೆ ಬೇಕಾದಷ್ಟಾಯಿತು. 3.6 ಕಿಲೋಮೀಟರಿನ ಈ ಟ್ರ್ಯಾಕಿನ ಎಂಟನೆಯ ತಿರುವಿನಲ್ಲಿ ದಿಬ್ಬ ಹತ್ತಿದ ರಸ್ತೆ ಕಣ್ಣೆದುರೇ ಮಾಯವಾಗುತ್ತದೆ, ಎಡಕ್ಕೆ ಹೊರಳಿ ಬಲಕ್ಕೆ ಹೊರಳಿ ಸುಮಾರು 18 ಮೀಟರ್ ಕೆಳಗೆ ಧುಮುಕುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಹಳೆಯ ಓಮ್ನಿಯಲ್ಲಿ ಎರಡನೇ ಗೇರಿನಲ್ಲೇ ಇಳಿಯುವವನು ನಾನು. ಎದುರಿನಿಂದ ಬಸ್ಸು ಬರುವುದಿಲ್ಲ ಎಂಬ ಧೈರ್ಯ ಇಲ್ಲಿ ಮಾತ್ರ. ರಸ್ತೆಯನ್ನು ಲೇಸರಿನಿಂದ ಅಳೆದು ಮಾಡಿರುವುದರಿಂದ ಸಣ್ಣ ಉಬ್ಬು ತಗ್ಗೂ ಅಂಗೈಗೆ ಗೊತ್ತಾಗುತ್ತದೆ. ಮೊದಲ ಮಳೆಗಾಲ ಹೀಗೆ ಸ್ವರ್ಗದಂತೆ ಕಳೆಯಿತು. ಆಗಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟಿರುತ್ತಿದ್ದೆ.

2023ರ ಜುಲೈ. ಪುನರ್ವಸು ಹಿಡಿದು ಎಂಟು ದಿನವಾಗಿತ್ತು, ಒಗೆದ ಬಟ್ಟೆ ಒಲೆಯ ಮೇಲಿನ ತಂತಿಯಲ್ಲೂ ಒಣಗುತ್ತಿರಲಿಲ್ಲ. ನೇರ ರಸ್ತೆಯಲ್ಲಿ ಹೋಗುತ್ತಿರುವಾಗ ಕಾರು ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದಂತೆ ಒಮ್ಮೆ ಮುಗ್ಗರಿಸಿತು. ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ. ಹಿಂದಿದ್ದವನು ಬಂದು ಗುದ್ದಿದ. ಐರೇಸಿಂಗ್‌ನಲ್ಲಿ ತಪ್ಪು ಯಾರದೆಂದು ನೋಡುವ ಪದ್ಧತಿಯಿಲ್ಲ, ಜೋರಾಗಿ ತಾಗಿದರೆ ಇಬ್ಬರಿಗೂ ನಾಲ್ಕು ನಾಲ್ಕು ದೋಷಾಂಕ. ಬೇಕೆಂದೇ ಬ್ರೇಕ್ ಹಾಕಿದೆ ಎಂದು ಆ ಪುಣ್ಯಾತ್ಮ ಬೈದ. ನನ್ನ ಹರಕು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ, ಮರುದಿನ ಇನ್ನೊಬ್ಬನಿಂದ ಬೈಸಿಕೊಂಡೆ. ದೋಷಾಂಕ ಏರುತ್ತ ಹೋಗಿ, ಆಟದಲ್ಲಿ ಕಷ್ಟಪಟ್ಟು ಹತ್ತಿದ್ದ ಸಿ ದರ್ಜೆಯ ಲೈಸೆನ್ಸು ಆಗಸ್ಟಿನೊಳಗೆ ಡಿ ದರ್ಜೆಗೆ ಇಳಿಯಿತು.

ಕಾಲಿನದೇ ತಪ್ಪು ಎಂದು ಹದಿನೈದು ದಿನ ನಂಬಿದ್ದೆ. ಚಪ್ಪಲಿ ಬಿಟ್ಟೆ, ಕಾಲುಚೀಲ ಹಾಕಿದೆ, ಕುರ್ಚಿ ಹಿಂದೆ ಸರಿಸಿದೆ. ಕೊನೆಗೆ ಪೆಡಲ್ ನೂರಕ್ಕೆ ಎಷ್ಟು ಒತ್ತಿದೆ ಎಂದು ತೋರಿಸುವ ಗೆರೆಯನ್ನು ಪರದೆಯ ಮೇಲೆ ತೆರೆದಿಟ್ಟು, ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಮಡಿಸಿಕೊಂಡು ಚಕ್ಕಳಮಕ್ಕಳ ಕುಳಿತು ನೋಡಿದೆ. ಯಾರೂ ಮುಟ್ಟದ ಬ್ರೇಕಿನ ಗೆರೆ ತನ್ನಷ್ಟಕ್ಕೆ ಐದಕ್ಕೆ, ಎಂಟಕ್ಕೆ, ಒಮ್ಮೆ ಹದಿನೈದಕ್ಕೆ ಜಿಗಿದು ಇಳಿಯುತ್ತಿತ್ತು.

ಖಾತರಿ ಇನ್ನೂ ಉಳಿದಿತ್ತು. ಬಸ್ಸಿನಲ್ಲಿ ಪಾರ್ಸೆಲ್ ಹಾಕಿ ಬೆಂಗಳೂರಿನ ರಿಪೇರಿ ಕೇಂದ್ರಕ್ಕೆ ಕಳಿಸಿದೆ. ನಲವತ್ತೊಂದು ದಿನದ ನಂತರ ಪೆಡಲ್ ವಾಪಸು ಬಂತು, ಜೊತೆಗೊಂದು ಚೀಟಿ: ಪರೀಕ್ಷಿಸಲಾಗಿದೆ, ಯಾವುದೇ ದೋಷ ಕಂಡುಬಂದಿಲ್ಲ. ಸಿಟ್ಟಿನಲ್ಲಿ ಜೋಡಿಸಿ ನೋಡಿದರೆ ನಿಜಕ್ಕೂ ದೋಷವಿರಲಿಲ್ಲ. ಎರಡು ರಾತ್ರಿ ಗೆರೆ ಕಡ್ಡಿಯಂತೆ ಮಲಗಿತ್ತು. ಮೂರನೆಯ ರಾತ್ರಿ ಮಳೆ ಜೋರಾಯಿತು, ಗೆರೆಯೂ ಎದ್ದು ಕುಣಿಯತೊಡಗಿತು. ಬೆಂಗಳೂರಿನ ಒಣ ಹವೆಯಲ್ಲಿ ಹುಷಾರಾಗಿ, ಘಟ್ಟದ ಗಾಳಿ ತಾಗಿದೊಡನೆ ಶೀತ ಹಿಡಿಸಿಕೊಳ್ಳುವ ಪೆಡಲ್ ಇದು. ಇದನ್ನು ಫೋನಿನಲ್ಲಿ ವಿವರಿಸಿದಾಗ ಆಚೆಗಿದ್ದವರು, "ಸರ್, ಒಣಗಿದ ಜಾಗದಲ್ಲಿ ಬಳಸಿ" ಎಂದರು. ಜುಲೈ ತಿಂಗಳಲ್ಲಿ ನಮ್ಮೂರಿನಲ್ಲಿ ಅಂಥ ಜಾಗ ಎಲ್ಲಿದೆ ಎಂದು ಹೇಳಿದ್ದರೆ ಹುಡುಕಿಕೊಂಡು ಹೋಗುತ್ತಿದ್ದೆ.

ನಾಲ್ಕು ಸ್ಕ್ರೂ ಬಿಚ್ಚಿ ನಾನೇ ತೆರೆದೆ. ಒಳಗಿದ್ದದ್ದು ಹಳೆಯ ರೇಡಿಯೋದಲ್ಲಿ ಸದ್ದು ಹೆಚ್ಚುಕಡಿಮೆ ಮಾಡುವ ತಿರುಗಣಿಯಲ್ಲಿರುವಂಥದೇ ಪೊಟೆನ್ಷಿಯೋಮೀಟರ್. ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಿಗೆಯೊಂದು ಉಜ್ಜಿಕೊಂಡು ಓಡಾಡುತ್ತದೆ. ಸವೆದ ಪುಡಿ, ಧೂಳು, ತೇವ ಸೇರಿದರೆ ರೇಡಿಯೋ ಕರಕರ ಎನ್ನುವುದಿಲ್ಲವೇ, ಇಲ್ಲಿ ಕಾರು ಬ್ರೇಕ್ ಹಾಕುತ್ತದೆ. ದಿನವಿಡೀ ಸ್ಟಾರ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಉಜ್ಜುವ ನನಗೆ ಇದು ಹೊಳೆಯಲು ಎರಡು ತಿಂಗಳು ಬೇಕಾಯಿತು ಎಂಬುದನ್ನು ಅಂಗಡಿಯ ಹುಡುಗನಿಗೆ ಹೇಳಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಮೂರು ವಾರ ಬಂತು. ಮತ್ತೆ ಹೊಡೆದೆ, ಹತ್ತು ದಿನ ಬಂತು. ಕೊನೆಗೆ ರಾತ್ರಿ ಆಟ ಮುಗಿದ ಮೇಲೆ ಪೆಡಲಿನ ಮೇಲೆ ಬುಟ್ಟಿ ಕವುಚಿ, ಒಳಗೆ 40 ವ್ಯಾಟಿನ ಬಲ್ಬು ಉರಿಸಿಡತೊಡಗಿದೆ. ಅಮ್ಮ ಮೆಟ್ಟಿಲಿನಿಂದ ಇಣುಕಿ, ಬುಟ್ಟಿಯ ಸಂದಿನಿಂದ ಬೆಳಕು ಬರುವುದನ್ನು ನೋಡಿ, "ಕೋಳಿಮರಿ ಎಷ್ಟು ತಂದಿದ್ದೀಯಾ?" ಎಂದರು.

2024ರ ಏಪ್ರಿಲಿನಲ್ಲಿ, ಬಾವಿಗಳೆಲ್ಲ ತಳ ಕಂಡು ನನಗೆ ಕೈತುಂಬ ಕೆಲಸವಿದ್ದಾಗ, 18,900 ರೂಪಾಯಿ ಕೊಟ್ಟು ಬೇರೆ ತಯಾರಕರ ಎರಡು ಪೆಡಲ್‌ಗಳ ಸೆಟ್ ಕೊಂಡೆ. ಸ್ಟೀರಿಂಗ್ ಸೆಟ್ಟಿನ ಬೆಲೆಯ ಹತ್ತಿರಹತ್ತಿರ ಮುಕ್ಕಾಲು ಪಾಲು ಬರಿಯ ಪೆಡಲಿಗೆ! ಇದರ ಬ್ರೇಕಿನಲ್ಲಿ ಲೋಡ್ ಸೆಲ್ ಇದೆ, ಮಂಡಿಯಲ್ಲಿ ಅಡಿಕೆ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿರುವ ತತ್ತ್ವವೇ. ಪೆಡಲ್ ಎಷ್ಟು ದೂರ ಹೋಯಿತು ಎಂದಲ್ಲ, ಎಷ್ಟು ಬಲ ಬಿತ್ತು ಎಂದು ಅಳೆಯುತ್ತದೆ. ಉಜ್ಜುವ ನಾಲಿಗೆಯಿಲ್ಲ, ಹಾಗಾಗಿ ಕುಣಿತವೂ ಇಲ್ಲ. ಆಕ್ಸಿಲರೇಟರಿನಲ್ಲೂ ಆಯಸ್ಕಾಂತದ ಸೆನ್ಸರ್.

ಮಳೆಯಿಂದ ತಪ್ಪಿಸಿಕೊಳ್ಳಲು ಕೊಂಡದ್ದು, ಆದರೆ ಸುಖ ಸಿಕ್ಕಿದ್ದು ಬೇರೆ ಕಡೆ. ಕಾಲಿಗೆ ದೂರದ ನೆನಪು ಉಳಿಯುವುದಿಲ್ಲ, ಬಲದ ನೆನಪು ಉಳಿಯುತ್ತದೆ. ತಿರುವಿಗೆ ಮೊದಲು ಜೋರಾಗಿ ಒತ್ತಿ, ತಿರುಗಿಸುತ್ತ ತಿರುಗಿಸುತ್ತ ಸ್ವಲ್ಪಸ್ವಲ್ಪವೇ ಸಡಿಲಿಸಿದರೆ ಕಾರಿನ ಭಾರ ಮುಂದಿನ ಟೈರುಗಳ ಮೇಲೆ ಉಳಿದು ಮೂತಿ ಒಳಕ್ಕೆ ಹೊರಳುತ್ತದೆ. ಒಮ್ಮೆಲೇ ಬಿಟ್ಟರೆ ಮೂತಿ ಹೊರಕ್ಕೆ ಜಾರುತ್ತದೆ. ಓದಿ ಗೊತ್ತಿತ್ತು, ಹಳೆಯ ಪೆಡಲಿನಲ್ಲಿ ಎಂದೂ ಬಂದಿರಲಿಲ್ಲ. ಮರದ ಮೇಲಿನಿಂದ ಹಗ್ಗದಲ್ಲಿ ಜಾರಿ ಬರುವ ಅಡಿಕೆ ಕೊನೆಯನ್ನು ಕೆಳಗೆ ನಿಂತವನು ಹಗ್ಗ ಬಿಗಿದು ಸಡಿಲಿಸಿ ಕೈಗೆ ಇಳಿಸಿಕೊಳ್ಳುವುದನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಲಗುನಾ ಸೆಕಾದಲ್ಲಿ ಎರಡು ವರ್ಷದಿಂದ ಅಲುಗಾಡದ ನನ್ನ ಸಮಯ ಒಂದೇ ವಾರದಲ್ಲಿ ಒಂದೂವರೆ ಸೆಕೆಂಡ್ ಇಳಿಯಿತು.

ಒಂದು ತೊಂದರೆ, ಹೀಗೆ ಒತ್ತಿದರೆ ಪೆಡಲ್ ಮುಂದಕ್ಕೂ ಕುರ್ಚಿ ಹಿಂದಕ್ಕೂ ಹೋಗುತ್ತವೆ. ಪೆಡಲಿಗೂ ಗೋಡೆಗೂ ನಡುವೆ ಅಡಿಕೆ ದಬ್ಬೆಯ ತುಂಡು ಜಡಿದು, ಕುರ್ಚಿಯ ಕಾಲನ್ನು ನೈಲಾನ್ ಹಗ್ಗದಿಂದ ಪೆಡಲಿನ ಹಲಗೆಗೆ ಕಟ್ಟಿದ್ದೇನೆ. ನೋಡಲು ಕೊಟ್ಟಿಗೆಯಂತಿದೆ, ಅಲುಗುವುದಿಲ್ಲ.

ಈಗ ನೇರ ಮೋಟಾರಿನ, ಅಂದರೆ ಗೇರಿಲ್ಲದೆ ಮೋಟಾರಿನ ದಂಡಕ್ಕೇ ಕೂರಿಸಿದ, ಸ್ಟೀರಿಂಗ್ ಬಗ್ಗೆ ಕೇಳುವವರಿದ್ದಾರೆ. ನನ್ನ ಗೇರಿನ ಸ್ಟೀರಿಂಗ್ ಕೈಗೆ ಕೊಡುವ ತಿರುಗುಬಲ ಎರಡು ನ್ಯೂಟನ್ ಮೀಟರಿಗಿಂತ ತುಸು ಹೆಚ್ಚು, ಅವುಗಳಲ್ಲಿ ಅಗ್ಗದವೂ ನಾಲ್ಕೈದರ ಹತ್ತಿರ ಕೊಡುತ್ತವೆ, ಗೇರಿನ ಸದ್ದೂ ಇಲ್ಲ. ಅಮ್ಮನ ನಿದ್ದೆಯ ದೃಷ್ಟಿಯಿಂದ ಒಳ್ಳೆಯದೇ. ಆದರೆ ನನಗೆ ಕಂಬಳಿ ಸಾಕು. ಹೊಸದಾಗಿ ಶುರು ಮಾಡುವವರು ಅಗ್ಗದ ಸ್ಟೀರಿಂಗ್ ಕೊಂಡು, ಉಳಿದದ್ದನ್ನು ಬ್ರೇಕಿಗೆ ಸುರಿಯಿರಿ. ನಾನು ಉಲ್ಟಾ ಮಾಡಿ ಒಂದು ಮಳೆಗಾಲ ಕಳೆದುಕೊಂಡೆ. ಸ್ಟೀರಿಂಗಿಗೆ ನಾಲ್ಕು ನಕ್ಷತ್ರ, ಅದರ ಜೊತೆಗೆ ಬಂದ ಪೆಡಲಿಗೆ ಜನವರಿಯಲ್ಲಿ ಮೂರು, ಜುಲೈಯಲ್ಲಿ ಸೊನ್ನೆ.

ಆ ಹಳೆಯ ಪೆಡಲನ್ನು ಮಾರಲು ಇಟ್ಟಿದ್ದೇನೆ. ಚಿತ್ರದುರ್ಗ, ಬಳ್ಳಾರಿ, ರಾಯಚೂರಿನವರಿಗೆ ಮಾತ್ರ. ದೋಷವಿಲ್ಲ ಎಂಬ ಬೆಂಗಳೂರಿನ ಚೀಟಿಯನ್ನೂ ಜೊತೆಗೆ ಕೊಡುತ್ತೇನೆ.