ಸಮುದ್ರದ ಮೇಲೆ 38 ರಾತ್ರಿ: ಕ್ರೂಸ್ ಹಡಗಿನಲ್ಲಿ ನನ್ನ ಸಿಪ್ಯಾಪ್

ಮೊದಲ ಸಲ ಕ್ರೂಸ್‌ಗೆ ಹೊರಟಾಗ ಸಿಪ್ಯಾಪ್ ಯಂತ್ರವನ್ನು, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಮಾಸ್ಕ್ ಮೂಲಕ ಗಾಳಿ ಊದುವ ಯಂತ್ರವನ್ನು, ಮನೆಯಲ್ಲೇ ಬಿಟ್ಟು ಹೋಗಿದ್ದೆ. ಏಳು ರಾತ್ರಿ ತಾನೇ, ಹೇಗೋ ಕಳೆಯುತ್ತದೆ ಎಂದುಕೊಂಡಿದ್ದೆ. ಮೂರನೆಯ ಬೆಳಿಗ್ಗೆ ತಲೆ ಸಿಡಿಯುವಂತೆ ನೋಯುತ್ತಿತ್ತು. ಮಧ್ಯಾಹ್ನ ಡೆಕ್ಕಿನ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸಿ, ನೋಡಬೇಕೆಂದು ಬಂದಿದ್ದ ಕಡಲನ್ನೇ ನೋಡದೆ ಉಳಿದೆ. ಐದನೆಯ ದಿನ ಹೆಂಡತಿ ಕೇಳಿದಳು: "ನೀವೇನೋ ಮಲಗುತ್ತೀರಿ, ಪ್ರತಿ ರಾತ್ರಿ ನಿಮ್ಮ ಉಸಿರಿಗೆ ಕಾವಲು ಕೂರುವವಳು ನಾನು. ನನ್ನ ನಿದ್ದೆಯ ಗತಿಯೇನು?" ಮನೆಯಲ್ಲಾದರೆ ಇನ್ನೊಂದು ಕೋಣೆಗೆ ಹೋಗಿ ಮಲಗಬಹುದು. ಹಡಗಿನ ಕ್ಯಾಬಿನ್ನಿನಿಂದ ಎಲ್ಲಿಗೆ ಹೋಗುವುದು?

ಆಮೇಲಿನ ಏಳು ವರ್ಷಗಳಲ್ಲಿ ನಾಲ್ಕು ಸಲ ಯಂತ್ರದ ಜೊತೆಗೇ ಹಡಗು ಹತ್ತಿದ್ದೇನೆ. ಏಳು, ಹತ್ತು, ಏಳು, ಹದಿನಾಲ್ಕು, ಹೀಗೆ ಒಟ್ಟು 38 ರಾತ್ರಿ. ಈ ವಿಮರ್ಶೆ ಬರೆಯುತ್ತಿರುವುದು ಆ ಅನುಭವದ ಮೇಲೆ.

ನನ್ನದು ತೀವ್ರ ಸ್ಲೀಪ್ ಆಪ್ನಿಯಾ, ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ. ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎಂಬ ಲೆಕ್ಕಕ್ಕೆ ಎಎಚ್‌ಐ ಎನ್ನುತ್ತಾರೆ. ಅದು 5ರೊಳಗಿದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ. ಪರೀಕ್ಷೆಯ ರಾತ್ರಿ ನನ್ನದು 34 ಇತ್ತು. ಯಂತ್ರ ಹಾಕಿಕೊಂಡು ಮಲಗಿದರೆ ಮನೆಯಲ್ಲಿ 2ರ ಆಸುಪಾಸಿನಲ್ಲಿರುತ್ತದೆ. ಸಮುದ್ರದ ಮೇಲಿನ ಆ 38 ರಾತ್ರಿಗಳಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಹಡಗಿನ ಓಲಾಟವಾಗಲಿ, ಎಂಜಿನ್ನಿನ ನಡುಕವಾಗಲಿ ಚಿಕಿತ್ಸೆಯನ್ನು ಕೆಡಿಸಲಿಲ್ಲ. ಆದರೆ ಈ ಯಂತ್ರ ರೋಗವನ್ನು ವಾಸಿ ಮಾಡುವುದಿಲ್ಲ. ಗಾಳಿಯ ಒತ್ತಡದಿಂದ ಗಂಟಲು ಕುಸಿಯದಂತೆ ಹಿಡಿದಿಡುತ್ತದೆ, ಅದೂ ಮುಖದ ಮೇಲೆ ಮಾಸ್ಕ್ ಇರುವಷ್ಟು ಹೊತ್ತು ಮಾತ್ರ. ನಾನು ಪ್ರವಾಸದಲ್ಲಿದ್ದೇನೆ ಎಂಬುದು ನನ್ನ ಗಂಟಲಿಗೆ ಗೊತ್ತಾಗುವುದಿಲ್ಲ.

ಯಂತ್ರದ ಕೆಲಸದ ಬಗ್ಗೆ ದೂರೇ ಇಲ್ಲ. ಕಷ್ಟ ಕೊಟ್ಟದ್ದೆಲ್ಲ ಅದರ ಸುತ್ತಲಿನ ವ್ಯವಸ್ಥೆ. ಅದರಲ್ಲಿ ಮೊದಲನೆಯದು ವಿದ್ಯುತ್.

ಕ್ಯಾಬಿನ್ನಿನ ಮೇಜಿನ ಬಳಿ ಸಾಮಾನ್ಯವಾಗಿ 110 ಮತ್ತು 220 ವೋಲ್ಟ್‌ನ ಎರಡೂ ಬಗೆಯ ಸಾಕೆಟ್‌ಗಳಿರುತ್ತವೆ. ಈಗಿನ ಸಿಪ್ಯಾಪ್ ಯಂತ್ರಗಳ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಯಾವುದಕ್ಕೂ ಒಗ್ಗುತ್ತದೆ. ಪ್ಲಗ್ಗಿನ ಆಕಾರ ಹೊಂದಿಸುವ ಚಿಕ್ಕ ತುಂಡೊಂದು ಇದ್ದರೆ ಸಾಕು, ವೋಲ್ಟೇಜ್ ಬದಲಿಸುವ ಭಾರದ ಪೆಟ್ಟಿಗೆ ಬೇಡ. ತೊಂದರೆ ದೂರದ್ದು. ಹಳೆಯ ಹಡಗುಗಳಲ್ಲಿ ಹಾಸಿಗೆಯ ಬಳಿ ಸಾಕೆಟ್ಟೇ ಇರುವುದಿಲ್ಲ, ಮೇಜಿನಿಂದ ಹಾಸಿಗೆಗೆ ಯಂತ್ರದ ತಂತಿ ಮುಟ್ಟುವುದಿಲ್ಲ. ಇದು ಗೊತ್ತಿದ್ದುದರಿಂದ ಯಂತ್ರದೊಡನೆ ಹೋದ ಮೊದಲ ಪ್ರಯಾಣಕ್ಕೆ ಮನೆಯ ಎಕ್ಸ್‌ಟೆನ್ಷನ್ ಬೋರ್ಡನ್ನೇ ಒಯ್ದಿದ್ದೆ. ಬಂದರಿನ ತಪಾಸಣೆಯಲ್ಲಿ ಅದನ್ನು ತೆಗೆದಿಟ್ಟುಕೊಂಡು ಚೀಟಿ ಕೊಟ್ಟರು, ಇಳಿಯುವ ದಿನ ಪಡೆಯಿರಿ ಎಂದರು. ಹಡಗಿನವರಿಂದ ಬೇರೊಂದು ವೈರ್ ಬರಲು ಮೂರು ಸಲ ಫೋನ್ ಮಾಡಬೇಕಾಯಿತು. ಅದು ಕೈಗೆ ಸಿಕ್ಕಾಗ ರಾತ್ರಿ ಹನ್ನೊಂದೂವರೆ.

ಆ ರಾತ್ರಿ ಬಹಳ ಸಿಟ್ಟಾಗಿದ್ದೆ. ಕಾರಣ ತಿಳಿದ ಮೇಲೆ ಸಿಟ್ಟು ಇಳಿಯಿತು. ನನ್ನ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್, ಅಂದರೆ ವೋಲ್ಟೇಜ್ ದಿಢೀರನೆ ಏರಿದಾಗ ಉಪಕರಣವನ್ನು ಕಾಪಾಡುವ ಭಾಗ, ಇತ್ತು. ಹಡಗಿನ ವಿದ್ಯುತ್ ಜಾಲವನ್ನು ಸಾಮಾನ್ಯವಾಗಿ ನೆಲದ ಮೇಲಿನಂತೆ ಅರ್ಥ್‌ಗೆ ಜೋಡಿಸಿರುವುದಿಲ್ಲ. ಎಲ್ಲೋ ಒಂದು ಕಡೆ ತಂತಿ ಹಡಗಿನ ಲೋಹಕ್ಕೆ ತಗುಲಿದರೂ ಇಡೀ ಹಡಗು ಕತ್ತಲಾಗಬಾರದೆಂದು ಎರಡೂ ತಂತಿಗಳನ್ನು ಹಡಗಿನ ಒಡಲಿನಿಂದ ಬೇರೆಯಾಗಿಯೇ ಇಡುತ್ತಾರೆ. ಸರ್ಜ್ ಪ್ರೊಟೆಕ್ಟರ್ ಒಳಗಿನ ಬಿಡಿಭಾಗ ಈ ತಂತಿಗಳಿಗೂ ಅರ್ಥ್‌ಗೂ ನಡುವೆ ಕೂತಿರುತ್ತದೆ. ಜಾಲದಲ್ಲಿ ದೋಷ ಬಂದಾಗ ಅದು ಬಿಸಿಯೇರುತ್ತಾ ಹೋಗಿ ಬೆಂಕಿ ಹೊತ್ತಿಕೊಳ್ಳಬಹುದು. ನಡುಗಡಲಿನಲ್ಲಿ ಬೆಂಕಿ ಎಂದರೆ ಓಡಿಹೋಗಲು ಜಾಗವಿಲ್ಲ. ಈಗ ತಪಾಸಣೆಯವರನ್ನು ಕಂಡರೆ ನನಗೆ ಗೌರವವೇ.

ಮುಂದಿನ ಪ್ರಯಾಣದಿಂದ ಕ್ರಮ ಬದಲಿಸಿಕೊಂಡೆ. ಹೊರಡುವ ಆರು ವಾರ ಮೊದಲೇ ಕಂಪನಿಯ ವಿಶೇಷ ಅಗತ್ಯಗಳ ವಿಭಾಗಕ್ಕೆ ಬರೆಯುತ್ತೇನೆ: ಸಿಪ್ಯಾಪ್ ಬಳಸುತ್ತೇನೆ, ಹಾಸಿಗೆಯವರೆಗೆ ಮುಟ್ಟುವ ಎಕ್ಸ್‌ಟೆನ್ಷನ್ ವೈರ್ ಬೇಕು, ಡಿಸ್ಟಿಲ್ಡ್ ನೀರು, ಎಂದರೆ ಖನಿಜವಿಲ್ಲದ ಶುದ್ಧ ನೀರು, ಇಷ್ಟು ಲೀಟರ್ ಬೇಕು. ಫೋನಿನಲ್ಲಿ "ಆಗಲಿ ಸರ್" ಎಂದರೆ ಸಾಲದು, ಬರಹದಲ್ಲಿ ಉತ್ತರ ಬರುವವರೆಗೆ ಬಿಡುವುದಿಲ್ಲ. ಆ ಉತ್ತರವನ್ನು ಮುದ್ರಿಸಿ ಜೊತೆಗಿಟ್ಟುಕೊಳ್ಳುತ್ತೇನೆ. ಹತ್ತು ರಾತ್ರಿಯ ಪ್ರಯಾಣದಲ್ಲಿ ಕ್ಯಾಬಿನ್ನಿನ ಬಾಗಿಲು ತೆರೆದಾಗ ವೈರ್ ಸುರುಳಿ ಸುತ್ತಿಕೊಂಡು ಹಾಸಿಗೆಯ ಮೇಲೆ ಮಲಗಿತ್ತು. ಅದನ್ನು ಕಂಡ ಸಂತೋಷವನ್ನು ಈ ಯಂತ್ರ ಬಳಸುವವರು ಮಾತ್ರ ಅರ್ಥ ಮಾಡಿಕೊಂಡಾರು. ಯಾವ ವೈರ್ ತರಬಹುದು, ಯಾವುದು ಬೇಡ ಎಂಬ ನಿಯಮ ಕಂಪನಿಯಿಂದ ಕಂಪನಿಗೆ ಬೇರೆ, ಆಗಾಗ ಬದಲಾಗುತ್ತಲೂ ಇರುತ್ತದೆ. ಆದ್ದರಿಂದ ಪ್ರತಿ ಸಲವೂ ಹೊಸದಾಗಿ ಕೇಳುತ್ತೇನೆ. ಸ್ನಾನದ ಮನೆಯಲ್ಲಿ ಶೇವರ್‌ಗೆಂದು ಇರುವ ಸಾಕೆಟ್‌ಗೆ ಮಾತ್ರ ಎಂದೂ ಸಿಕ್ಕಿಸಬೇಡಿ, ಅದರ ಶಕ್ತಿ ಈ ಯಂತ್ರಕ್ಕೆ ಸಾಲುವುದಿಲ್ಲ.

ಯಾರೂ ಹೇಳದಿದ್ದ ಒಂದು ಸಂಗತಿ ನನ್ನನ್ನು ನಿಜವಾಗಿ ಹೆದರಿಸಿತು. ಕೆಲವು ಹಡಗುಗಳಲ್ಲಿ ಬಾಗಿಲ ಬಳಿಯ ಸೀಳಿನಲ್ಲಿ ಕೀ ಕಾರ್ಡ್ ಇಟ್ಟರೆ ಮಾತ್ರ ಕೋಣೆಗೆ ವಿದ್ಯುತ್. ಒಂದು ಮುಂಜಾನೆ ಹೆಂಡತಿ ಸೂರ್ಯೋದಯ ನೋಡಲೆಂದು ಸದ್ದಿಲ್ಲದೆ ಎದ್ದು, ಕಾರ್ಡ್ ತೆಗೆದುಕೊಂಡು ಹೊರಟಳು. ಸ್ವಲ್ಪ ಹೊತ್ತಿಗೆ ಯಂತ್ರ ನಿಂತಿತು. ಕಿಟಕಿಯಿಲ್ಲದ ಕ್ಯಾಬಿನ್ನಿನ ಆ ಗಾಢ ಕತ್ತಲಲ್ಲಿ ಉಸಿರು ಕಟ್ಟಿದಂತಾಗಿ ಎದ್ದು ಕೂತು, ಮಾಸ್ಕ್ ಕಿತ್ತು ಹಾಕಿದೆ. ತಪ್ಪು ಅವಳದಲ್ಲ, ಇಬ್ಬರಿಗೂ ಗೊತ್ತಿರಲಿಲ್ಲ. ವಿಷಯ ತಿಳಿದ ಕ್ಯಾಬಿನ್ ಸಹಾಯಕ ಸೀಳಿನಲ್ಲೇ ಬಿಡಲು ಬೇರೊಂದು ಕಾರ್ಡ್ ತಂದುಕೊಟ್ಟ. ಈಗ ಮೊದಲ ಸಂಜೆಯೇ ಯಂತ್ರ ಚಾಲೂ ಮಾಡಿ, ಕಾರ್ಡ್ ತೆಗೆದು, ಐದು ನಿಮಿಷ ಕಾದು ನೋಡುತ್ತೇನೆ. ಕೆಲವು ಕಡೆ ದೀಪ ಮಾತ್ರ ಆರುತ್ತದೆ, ಕೆಲವು ಕಡೆ ಸಾಕೆಟ್‌ಗಳೂ ಸಾಯುತ್ತವೆ.

ಇನ್ನು ನೀರು. ಹಡಗಿನಲ್ಲಿ ಸಮುದ್ರದ ನೀರನ್ನು ಆವಿ ಮಾಡಿ ಸಿಹಿನೀರು ತಯಾರಿಸುತ್ತಾರೆ ಎಂದು ಓದಿ, ಹಾಗಾದರೆ ನಲ್ಲಿಯಲ್ಲಿ ಬರುವುದೇ ಡಿಸ್ಟಿಲ್ಡ್ ನೀರಲ್ಲವೇ ಎಂದು ಯೋಚಿಸಿದ್ದೆ. ಅಲ್ಲ. ಕುಡಿಯಲು ಒದಗಿಸುವ ಮೊದಲು ಅದಕ್ಕೆ ಖನಿಜ, ಕ್ಲೋರಿನ್ ಸೇರಿಸಿ ಟ್ಯಾಂಕುಗಳಲ್ಲಿ ಇಟ್ಟಿರುತ್ತಾರೆ. ಯಂತ್ರದ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್‌ನ ತೊಟ್ಟಿಗೆ ಅದು ಬೇಡ. ಬಾಟಲಿಯ ಮಿನರಲ್ ನೀರು ಹಾಕಿದ ಎರಡೇ ರಾತ್ರಿಗೆ ತೊಟ್ಟಿಯ ತಳದಲ್ಲಿ ಬಿಳಿಯ ಪುಡಿ ಕಟ್ಟಿತ್ತು. ಎಸಿಯ ಒಣ ಗಾಳಿಯಲ್ಲಿ ನನಗೆ ರಾತ್ರಿಗೆ ಸುಮಾರು 300 ಮಿಲಿಲೀಟರ್ ಬೇಕು. ಏಳು ರಾತ್ರಿಗೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು, ಹದಿನಾಲ್ಕಕ್ಕೆ ಐದು ಲೀಟರ್ ಕೇಳಿದರೆ ನೆಮ್ಮದಿ. ಒಂದು ಪ್ರಯಾಣದಲ್ಲಿ ನೀರು ಬಂದದ್ದು ಮೂರನೆಯ ದಿನ. ಆ ಎರಡು ರಾತ್ರಿ ಹ್ಯೂಮಿಡಿಫೈಯರ್ ಆರಿಸಿ ಬರೀ ಗಾಳಿಯಲ್ಲಿ ಮಲಗಿದೆ. ಮೂಗು ಒಣಗಿ ಉರಿಯಿತು, ಆದರೆ ಚಿಕಿತ್ಸೆ ತಪ್ಪಲಿಲ್ಲ. ನೀರಿಲ್ಲವೆಂದು ಯಂತ್ರವನ್ನೇ ಪಕ್ಕಕ್ಕಿಡುವವರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಯಂತ್ರವನ್ನು ಎಲ್ಲಿಡಬೇಕು ಎಂಬುದನ್ನು ಕಲಿಸಿದ್ದು ಒಂದು ಬಿರುಗಾಳಿಯ ರಾತ್ರಿ. ತಲೆಗಿಂತ ಎತ್ತರದ ಕಪಾಟಿನ ಅಂಚಿನಲ್ಲಿಟ್ಟಿದ್ದೆ, ತೊಟ್ಟಿಯನ್ನು ಗೆರೆಯವರೆಗೆ ತುಂಬಿಸಿದ್ದೆ. ಹಡಗು ವಾಲಿದಾಗ ಯಂತ್ರ ಜಾರಿತು, ನೀರು ಕೊಳವೆಗೆ ನುಗ್ಗಿ ಗೊಳಗೊಳ ಸದ್ದು ಮಾಡುತ್ತಾ ಮೂಗಿಗೇ ಬಂತು. ಈಗ ಹಾಸಿಗೆಗಿಂತ ಕೆಳಗೆ, ಜಾರದ ರಬ್ಬರ್ ಹಾಳೆಯ ಮೇಲೆ ಇಡುತ್ತೇನೆ. ಕೊಳವೆಯೊಳಗೆ ಆವಿ ತಣಿದು ಹನಿಗಟ್ಟಿದರೂ ಅದು ಮುಖದತ್ತ ಬರದೆ ತೊಟ್ಟಿಗೇ ಮರಳುತ್ತದೆ. ಕಡಲು ಒರಟಾಗಲಿದೆ ಎಂಬ ಸೂಚನೆ ಇದ್ದರೆ ಅರ್ಧ ತೊಟ್ಟಿ ನೀರು ಮಾತ್ರ. ಕ್ಯಾಬಿನ್ನಿನ ಗೋಡೆಗಳು ಹೆಚ್ಚಾಗಿ ಉಕ್ಕಿನವು. ಆಯಸ್ಕಾಂತದ ಕೊಕ್ಕೆಯೊಂದನ್ನು ತಲೆಯ ಮೇಲೆ ಅಂಟಿಸಿ ಕೊಳವೆಯನ್ನು ಅದರಲ್ಲಿ ತೂಗುಹಾಕಿದರೆ ಹೊರಳುವಾಗ ಸಿಕ್ಕಿಕೊಳ್ಳುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಆಯಸ್ಕಾಂತದಿಂದ ದೂರವಿರಬೇಕು, ಆಯಸ್ಕಾಂತದ ಕ್ಲಿಪ್ ಇರುವ ಮಾಸ್ಕ್‌ನಿಂದಲೂ.

ಹೊಟ್ಟೆ ತೊಳಸುತ್ತಿದ್ದರೆ ಮಾಸ್ಕ್ ಹಾಕಿ ಮಲಗಬೇಡಿ. ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕ್‌ನೊಳಗೆ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅಂಥ ಒಂದು ರಾತ್ರಿ ದಿಂಬುಗಳನ್ನು ಪೇರಿಸಿ, ಒರಗಿ ಕೂತು ಬೆಳಗು ಮಾಡಿದೆ. ಸಮುದ್ರಯಾನದ ವಾಕರಿಕೆಗೆ ಕೊಡುವ ಕೆಲವು ಮಾತ್ರೆಗಳು ಮಂಪರು ತರಿಸುತ್ತವೆ. ನನ್ನ ವೈದ್ಯರನ್ನು ಮೊದಲೇ ಕೇಳಿ ಯಾವುದು ಎಷ್ಟು ಎಂದು ಬರೆಸಿಕೊಂಡಿದ್ದೇನೆ.

ಮೂರನೆಯ ಪ್ರಯಾಣಕ್ಕೆ ಅಂಗೈಯಗಲದ ಪ್ರವಾಸಿ ಯಂತ್ರ ಒಯ್ದಿದ್ದೆ. ತೂಕ ಬರೀ 300 ಗ್ರಾಂ, ನೀರೇ ಬೇಡ. ಬಿಟ್ಟ ಉಸಿರಿನ ತೇವವನ್ನು ಹಿಡಿದು ಮರಳಿಸುವ ಸಣ್ಣ ಬಿಲ್ಲೆಯೊಂದು ಅದರಲ್ಲಿರುತ್ತದೆ. ವಿಮಾನದಲ್ಲಿ, ದಿನಕ್ಕೊಂದು ಊರು ಬದಲಿಸುವ ಪ್ರವಾಸದಲ್ಲಿ ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ಹಡಗಿನ ಮಾತು ಬೇರೆ. ಅಲ್ಲಿ ಚೀಲ ಬಿಚ್ಚುವುದು ಒಂದೇ ಸಲ, ಊರುಗಳೇ ನಮ್ಮ ಬಳಿಗೆ ಬರುತ್ತವೆ. ಹಾಗಿರುವಾಗ ಒಂದು ಕಿಲೋ ಉಳಿಸಿ ಏಳು ರಾತ್ರಿ ಒಣ ಗಂಟಲನ್ನು, ಹೆಚ್ಚಿನ ಸದ್ದನ್ನು ಸಹಿಸುವುದೇಕೆ? ನಾನು ದೊಡ್ಡ ಯಂತ್ರಕ್ಕೇ ಮರಳಿದೆ. ಕಾಲಿನ್ ಸಲಿವನ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಲೋಕಕ್ಕೆ ತಿಳಿಸಿದ್ದು 1981ರಲ್ಲಿ. ಅಂದು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿದ್ದದ್ದನ್ನು ಇಂದು ಹೆಗಲಿಗೆ ತೂಗಿಕೊಂಡು ಕಡಲಿಗೆ ಹೋಗುತ್ತೇನೆ ಎಂದು ನೆನೆದಾಗಲೆಲ್ಲ, ದೊಡ್ಡ ಯಂತ್ರವೂ ನನಗೆ ಹಗುರವಾಗಿಯೇ ಕಾಣುತ್ತದೆ.

ಹತ್ತುವ ದಿನ ಯಂತ್ರ ಕೈಚೀಲದಲ್ಲೇ ಇರಲಿ. ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಲಗೇಜು ಕ್ಯಾಬಿನ್ನಿಗೆ ಬರುವುದು ಗಂಟೆಗಳ ನಂತರ. ಒಮ್ಮೆ ನಮ್ಮದು ರಾತ್ರಿ ಒಂಬತ್ತೂವರೆಗೆ ಬಂತು. ವೈದ್ಯರ ಪತ್ರವನ್ನು ಇಷ್ಟು ವರ್ಷಗಳಲ್ಲಿ ಕೇಳಿದ್ದು ಒಂದೇ ಸಲ, ಆ ಒಂದು ಸಲಕ್ಕೆ ಅದು ಇರಲೇಬೇಕಿತ್ತು. ನಡುಗಡಲಿನಲ್ಲಿ ಮೊಬೈಲ್ ಜಾಲ ಇಲ್ಲದ್ದರಿಂದ ಯಂತ್ರದ ಮಾಹಿತಿ ವೈದ್ಯರಿಗೆ ತಲುಪುವುದಿಲ್ಲ, ಆದರೆ ಯಂತ್ರದ ಮೆಮೊರಿ ಕಾರ್ಡಿನಲ್ಲಿ ಉಳಿದಿರುತ್ತದೆ, ಮರಳಿದ ಮೇಲೆ ತಾನಾಗಿ ಹೋಗುತ್ತದೆ. ಹಡಗಿನ ಗಡಿಯಾರ ರಾತ್ರಿ ಒಂದೊಂದು ಗಂಟೆ ಹಿಂದೆ ಮುಂದೆ ಸರಿದರೂ ಯಂತ್ರದ ಗಡಿಯಾರವನ್ನು ನಾನು ಮುಟ್ಟುವುದಿಲ್ಲ. ನನ್ನ ಯಂತ್ರ ದಿನವನ್ನು ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಎಣಿಸುತ್ತದೆ, ಲೆಕ್ಕ ಕೆಡುವುದಿಲ್ಲ.

ಇಳಿಯುವ ಹಿಂದಿನ ರಾತ್ರಿ ದೊಡ್ಡ ಲಗೇಜನ್ನು ಬಾಗಿಲ ಹೊರಗಿಡಬೇಕು. ಯಂತ್ರದ ಚೀಲ ಅದರೊಳಗೆ ಸೇರಿಹೋಗದಂತೆ ನೋಡಿಕೊಳ್ಳಿ, ಬೆಳಿಗ್ಗೆ ಅದು ಬೇಕು. ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ಒರೆಸಿ, ಆಮೇಲೆಯೇ ಚೀಲಕ್ಕೆ ಹಾಕಿ. ಒಂದು ಸಲ ಮರೆತು ಓರೆಯಾಗಿ ಹಿಡಿದದ್ದಕ್ಕೆ ಯಂತ್ರದೊಳಗೆ ನೀರು ಹೋಗಿ ರಿಪೇರಿಗೆ ಕೊಡಬೇಕಾಯಿತು. ಕೊನೆಗೆ ಹಾಸಿಗೆಯ ಹಿಂದೆ ಕೈಹಾಕಿ ನೋಡಿ. ಕಳೆದ ಪ್ರಯಾಣದಲ್ಲಿ ನಾವು ಲಿಫ್ಟಿನವರೆಗೆ ಹೋಗಿದ್ದೆವು. ಹೆಂಡತಿ ಥಟ್ಟನೆ ನಿಂತು, ಕ್ಯಾಬಿನ್ನಿಗೆ ಓಡಿ, ಪ್ಲಗ್ಗಿನ ಆ ಚಿಕ್ಕ ತುಂಡನ್ನೂ ಗೋಡೆಯ ಕೊಕ್ಕೆಯನ್ನೂ ಮುಷ್ಟಿಯಲ್ಲಿ ಹಿಡಿದು ಬಂದಳು.